ನೀರಿನ ಗುಳಿಗೆ ಆಗಿಬರಲಿಲ್ಲವೇ? ವರದಿ ಹೀಗೆ ಬರೆಯಿರಿ

ರಾಯಚೂರಿನ ಬೇಸಿಗೆಯಲ್ಲಿ ನಮ್ಮ ಔಷಧದ ಅಂಗಡಿಗೆ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ. ಬಿಪಿಗೋ, ಕಾಲು ಬಾವಿಗೋ ವೈದ್ಯರು ನೀರಿನ ಗುಳಿಗೆ, ಅಂದರೆ ಮೂತ್ರ ಜಾಸ್ತಿ ಮಾಡುವ ಗುಳಿಗೆ, ಬರೆದಿರುತ್ತಾರೆ. ಬಿಸಿಲು 40 ಡಿಗ್ರಿ ದಾಟುತ್ತಲೇ ತಲೆಸುತ್ತು, ಮೀನಖಂಡ ಹಿಡಿಯುವುದು, ಸುಸ್ತು. ‘ಈ ಗುಳಿಗಿ ಆಗಿಬರವಲ್ದ್ರಿ’ ಎಂದು ಹೇಳಿ ಹೋಗುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. ಇಂಥದ್ದನ್ನು ಬರೆದುಕೊಳ್ಳಲೆಂದೇ 2010ರಿಂದ ದೇಶದಲ್ಲಿ ಫಾರ್ಮಕೋವಿಜಿಲೆನ್ಸ್, ಅಂದರೆ ಔಷಧಗಳ ಅಡ್ಡ ಪರಿಣಾಮದ ಮೇಲೆ ಕಣ್ಣಿಡುವ, ಕಾರ್ಯಕ್ರಮ ಇದೆ.

ಮೊದಲು ವೈದ್ಯರನ್ನು ಕಾಣಿ. ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ, ಹೃದಯದ ತೊಂದರೆ ಇದ್ದವರಿಗೆ ಮತ್ತೆ ನೀರು ತುಂಬಿ ಉಸಿರು ಕಟ್ಟೀತು. ರಕ್ತದ ಸೋಡಿಯಂ, ಪೊಟ್ಯಾಷಿಯಂ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದರೆ ಆ ಚೀಟಿ ಎತ್ತಿಡಿ.

ಆಮೇಲೆ ಅಡ್ಡ ಪರಿಣಾಮದ ವರದಿಯ ಫಾರಂ. ರೋಗಿಗಳಿಗೆಂದೇ ಕನ್ನಡದಲ್ಲಿ ಇದೆ. ವೈದ್ಯಕೀಯ ಕಾಲೇಜಿನ ಫಾರ್ಮಕಾಲಜಿ (ಔಷಧಶಾಸ್ತ್ರ) ವಿಭಾಗದಲ್ಲಿ ಕೇಳಿ, ಇಲ್ಲವೇ 1800-180-3024ಕ್ಕೆ ಕರೆ ಮಾಡಿ. ದುಡ್ಡು ಹೋಗುವುದಿಲ್ಲ.

ಈಗ ಎಲ್ಲರೂ ಎಡವುವ ಜಾಗ: ತಾರೀಕು. ಗುಳಿಗೆ ಶುರುವಾದದ್ದು ಯಾವಾಗ, ತೊಂದರೆ ಕಂಡದ್ದು ಯಾವಾಗ, ವೈದ್ಯರು ನಿಲ್ಲಿಸಿದ್ದು ಅಥವಾ ಡೋಸ್ ಇಳಿಸಿದ್ದು ಯಾವಾಗ, ಆಮೇಲೆ ಕಡಿಮೆ ಆಯಿತೋ ಇಲ್ಲವೋ. ಈ ನಾಲ್ಕಿಲ್ಲದೆ ಬಿಸಿಲಿನ ಸುಸ್ತನ್ನೂ ಗುಳಿಗೆಯ ಸುಸ್ತನ್ನೂ ಬೇರೆ ಮಾಡುವುದು ಕಷ್ಟ. ‘ಯಾವಾಗಿಂದ ಅಜ್ಜಾರ?’ ಎಂದರೆ ‘ಮೊನ್ನಿ ಮೊನ್ನಿ’ ಎನ್ನುತ್ತಾರೆ. ‘ಯುಗಾದಿ ಮುಂಚೇನೋ, ಆದಮ್ಯಾಲೋ?’ ಎಂದು ಕೇಳಿ ನೋಡಿ. ‘ಯುಗಾದಿ ಆದ ಮೂರನೇ ದಿನ’ ಎಂದು ಥಟ್ಟನೆ ಬರುತ್ತದೆ. ಗೋಡೆಯ ಕ್ಯಾಲೆಂಡರ್ ತಿರುವಿ, ಔಷಧದ ಬಿಲ್ಲಿಗೆ ತಾಳೆ ನೋಡಿ ಬರೆಯಿರಿ.

ಗುಳಿಗೆಯ ಹೆಸರಿನಲ್ಲೂ ಗೊಂದಲ. ‘ಬಿಳಿ ಗುಳಿಗೆ’ ಎಂದು ಬರೆದರೆ ಕೆಲಸಕ್ಕೆ ಬಾರದು. ಸ್ಟ್ರಿಪ್ಪಿನ ಮೇಲೆ ಸಣ್ಣಕ್ಷರದಲ್ಲಿ ಫ್ಯುರೊಸೆಮೈಡ್, ಟಾರ್ಸೆಮೈಡ್, ಸ್ಪೈರೊನೊಲ್ಯಾಕ್ಟೋನ್ ಎಂದೇನೋ ಇರುತ್ತದೆ, ಅದನ್ನೇ ಎತ್ತಿ ಬರೆಯಿರಿ. ಬಿಪಿ ಗುಳಿಗೆಯ ಹೆಸರಿನ ಕೊನೆಗೆ ‘ಎಚ್’ ಇದ್ದರೆ ಅದು ಸಾಮಾನ್ಯವಾಗಿ ಹೈಡ್ರೊಕ್ಲೋರೊಥಯಜೈಡ್. ಅದೂ ನೀರಿನ ಗುಳಿಗೆಯೇ, ತಿನ್ನುವವರಿಗೇ ಗೊತ್ತಿರುವುದಿಲ್ಲ. ಬ್ಯಾಚ್ ನಂಬರೂ ಬೇಕು. ನಾವು ಅಂಗಡಿಯವರು ನಾಲ್ಕು ಗುಳಿಗೆ ಕತ್ತರಿಸಿ ಕೊಟ್ಟಾಗ ನಂಬರಿದ್ದ ತುದಿ ನಮ್ಮ ಡಬ್ಬಿಯಲ್ಲೇ ಉಳಿಯುತ್ತದೆ. ಇಡೀ ಸ್ಟ್ರಿಪ್ ಕೊಳ್ಳಿ, ನಂಬರಿನ ಕಡೆಯಿಂದ ಒಡೆಯಬೇಡಿ.

ಜೊತೆಗೆ ತಿನ್ನುವುದನ್ನೆಲ್ಲ ಬರೆಯಿರಿ. ಮೊಣಕಾಲು ನೋವಿಗೆ ಚೀಟಿ ಇಲ್ಲದೆ ತಂದ ಡೈಕ್ಲೊಫೆನಾಕ್ ಕೂಡ! ಅದೂ ನೀರಿನ ಗುಳಿಗೆಯೂ ಕೂಡಿದರೆ ಕಿಡ್ನಿಗೆ ಪೆಟ್ಟು, ಕೆಲವು ಬಿಪಿ ಗುಳಿಗೆಗಳೂ ಸೇರಿದರೆ ಇನ್ನೂ ಜಾಸ್ತಿ. ಹೆಸರಿಲ್ಲದ ಪೊಟ್ಟಣದ ‘ಗಿಡಮೂಲಿಕೆ’ ಪುಡಿಯನ್ನು ನಾನಂತೂ ಅಂಗಡಿಯೊಳಗೆ ಬಿಟ್ಟುಕೊಳ್ಳುವುದಿಲ್ಲ. ತಿಂದಿದ್ದರೆ ಮುಚ್ಚಿಡದೆ ಅದನ್ನೂ ಬರೆಯಿರಿ.

‘ಡಾಕ್ಟರಿಗೆ ತೊಂದರೆ ಆದೀತು’ ಎಂದು ಕೆಲವರು ಹಿಂಜರಿಯುತ್ತಾರೆ. ಇದು ಯಾರ ಮೇಲಿನ ದೂರೂ ಅಲ್ಲ. ಅನುಮಾನ ಸಾಕು, ಸಾಬೀತು ಬೇಡ. ರೋಗಿಯ ಪೂರ್ತಿ ಹೆಸರೂ ಬೇಡ, ಮೊದಲಕ್ಷರಗಳು ಸಾಕು. ವರದಿ ಗಾಜಿಯಾಬಾದಿನಲ್ಲಿರುವ ಈ ಕಾರ್ಯಕ್ರಮದ ರಾಷ್ಟ್ರೀಯ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಸ್ವೀಡನ್ನಿನ ಉಪ್ಸಾಲದಲ್ಲಿರುವ ಜಾಗತಿಕ ಸಂಗ್ರಹ ಸೇರುತ್ತದೆ. ಒಂದೇ ತೆರನಾದ ವರದಿಗಳು ಕೂಡಿದಾಗ ತಜ್ಞರು ಕಾರಣ ತಡಕುತ್ತಾರೆ.

ಕೊಡುವ ಮುನ್ನ ಫಾರಮ್ಮಿನ ಫೋಟೋ ತೆಗೆದಿಟ್ಟುಕೊಳ್ಳಿ. ನಿಮ್ಮ ಫೋನ್ ನಂಬರನ್ನು ಎರಡು ಸಲ ನೋಡಿ, ಒಂದು ಅಂಕಿ ತಪ್ಪಿದರೂ ಅವರು ಮತ್ತೇನೂ ಕೇಳಲಾಗದು.