ನಾಲ್ಕನೇ ರಿಪೇರಿಯ ದುಡ್ಡು ಫರ್ಮ್‌ವೇರಿಗೆ: ನನ್ನ ಅನುಭವ

ಮ್ಯಾಜಿಕ್ ಲ್ಯಾಂಟರ್ನ್ ಅಂದರೆ ಕ್ಯಾನನ್ ಕ್ಯಾಮೆರಾದ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಜೊತೆ ಓಡಿ ಹೊಸ ಸೌಲಭ್ಯ ಕೊಡುವ ಪುಕ್ಕಟೆ ಸಾಫ್ಟ್‌ವೇರ್. ಹದಿನೆಂಟು ತಿಂಗಳಿಂದ ಅದರ ಕೆಲಸಕ್ಕೆ ಮನೆಯ ದುಡ್ಡು ಒಂದು ರೂಪಾಯಿಯೂ ಮುಟ್ಟಿಲ್ಲ. ಪೂರ್ತಿ ಖರ್ಚು ನನ್ನ ಕ್ಯಾಮೆರಾ ರಿಪೇರಿ ಟೇಬಲ್ಲಿಂದಲೇ ಬಂದಿದೆ. ಶುರು ಮಾಡಿದಾಗ ಕುಂದಾಪುರದಲ್ಲಿ ನನ್ನ ಜೊತೆಗಾರರೆಲ್ಲ ಒಂದೇ ಮಾತು ಹೇಳಿದ್ದರು: "ಪುಕ್ಕಟೆ ಕೊಡೋ ಸಾಮಾನಿಗೆ ದುಡಿದು ದುಡ್ಡು ಹಾಕ್ತೀಯಾ? ಆರು ತಿಂಗಳು ನಡೆದ್ರೆ ಹೆಚ್ಚು." ಅವರಿಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ.

ನಾನು ಇದಕ್ಕೆ ಬಿದ್ದದ್ದು ಒಂದು ಮದುವೆಯಿಂದ. ವೀಡಿಯೊ ಮಾಡುವ ಗೆಳೆಯನ ಹತ್ತಿರ ಕ್ಯಾನನ್ 600ಡಿ ಕ್ಯಾಮೆರಾ ಇತ್ತು. ಅದರಲ್ಲಿ ಒಂದು ಕ್ಲಿಪ್ ಸುಮಾರು 12 ನಿಮಿಷಕ್ಕೆ, 4 ಜಿಬಿ ತುಂಬಿದ ತಕ್ಷಣ ನಿಂತುಬಿಡುತ್ತದೆ ಅಲ್ವಾ? ಸರಿಯಾಗಿ ಧಾರೆ ಎರೆಯುವ ಹೊತ್ತಿಗೆ ನಿಂತಿತು. ಅವನು ನೋಡಿದಾಗ ಅಕ್ಷತೆಯೂ ಬಿದ್ದಾಗಿತ್ತು. ಮ್ಯಾಜಿಕ್ ಲ್ಯಾಂಟರ್ನ್ ಹಾಕಿಕೊಟ್ಟೆ. ನಿಂತ ರೆಕಾರ್ಡಿಂಗನ್ನು ಅದು ತಾನಾಗಿ ಮತ್ತೆ ಶುರು ಮಾಡುತ್ತದೆ. 2009ರಲ್ಲಿ ಟ್ರಾಮೆಲ್ ಹಡ್ಸನ್ ಅನ್ನುವವರು ಕ್ಯಾನನ್ 5ಡಿ ಮಾರ್ಕ್ 2ಗೆ ಅಂತ ಶುರು ಮಾಡಿದ್ದು, ಪುಕ್ಕಟೆಯಾಗಿಯೇ ನಮ್ಮೂರಿನ ಮಂಟಪದವರೆಗೂ ಬಂದಿತ್ತು. ನನಗೂ ಸ್ವಲ್ಪ ಸಿ ಪ್ರೋಗ್ರಾಮಿಂಗ್ ಬರುತ್ತಿತ್ತು. ಸುಮ್ನೆ ಕೂರಲು ಆಗಲಿಲ್ಲ, ಕ್ಯಾನನ್ 1300ಡಿಯಲ್ಲೂ ಅದನ್ನು ಓಡಿಸಲು ಹೊರಟೆ.

ಮೊದಲು ದುಡ್ಡಿನ ವಿಷಯದಲ್ಲಿ ಮೂರು ಸಲ ಸೋತೆ. ಒಂದು, ದೇಣಿಗೆ. ಫೋಟೋಗ್ರಾಫರ್‌ಗಳ ಹತ್ತಿರ ತಲಾ ನೂರು ರೂಪಾಯಿ ಕೇಳಿದೆ. ಏಳು ತಿಂಗಳಲ್ಲಿ ಬಂದದ್ದು ಎರಡು ಸಾವಿರದ ಚಿಲ್ಲರೆ. ಎರಡು, ಇನ್‌ಸ್ಟಾಲ್ ಮಾಡಿಕೊಟ್ಟು ಐನೂರು ತೆಗೆದುಕೊಂಡೆ. ಅದು ತಪ್ಪೇನಲ್ಲ, ಆದರೆ ಕಾರ್ಡ್ ಬದಲಿಸಿದಾಗಲೆಲ್ಲ ಫೋನ್ ಬರುತ್ತಿತ್ತು. ಬೂಟ್ ಆಗುವಂತೆ ಮಾಡಿದ ಮೆಮೊರಿ ಕಾರ್ಡಿನಲ್ಲಿ ಆಟೋಎಕ್ಸೆಕ್ (ಮ್ಯಾಜಿಕ್ ಲ್ಯಾಂಟರ್ನನ್ನು ಶುರು ಮಾಡುವ) ಫೈಲ್ ಇಲ್ಲದಿದ್ದರೆ ಕ್ಯಾಮೆರಾ ಏಳುವುದಿಲ್ಲ. ಬ್ಯಾಟರಿ ತೆಗೆದರೆ ಸರಿಹೋಗುತ್ತದೆ. ಇದನ್ನು ರಾತ್ರಿ ಹನ್ನೊಂದಕ್ಕೆ ರಿಸೆಪ್ಷನ್ ಗದ್ದಲದಲ್ಲಿರುವವನಿಗೆ ಫೋನಿನಲ್ಲಿ ಹೇಗೆ ಹೇಳುವುದು? ಮೂರನೆಯದು ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಆ್ಯಪ್ ಬರೆಯುವ ಕೆಲಸ. ದುಡ್ಡು ಚೆನ್ನಾಗಿತ್ತು. ಆದರೆ ಇಡೀ ದಿನ ಕೋಡ್ ಬರೆದವನಿಗೆ ರಾತ್ರಿ ಮತ್ತೆ ಕೋಡ್ ನೋಡುವ ಶಕ್ತಿ ಇರುತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಫರ್ಮ್‌ವೇರಿಗೆ ಒಂದು ಸಾಲೂ ಸೇರಿಸಲಿಲ್ಲ. ಕೊನೆಯ ಕಂತನ್ನೂ ಅವರು ಕೊಡಲಿಲ್ಲ.

ರಿಪೇರಿ ಹಾಗಲ್ಲ. ಕೈ ದಣಿಯುತ್ತದೆ, ತಲೆ ದಣಿಯುವುದಿಲ್ಲ. ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸಿನ ಅಪರ್ಚರ್ ಫ್ಲೆಕ್ಸ್ (ಬೆಳಕಿನ ಕಿಂಡಿಗೆ ಹೋಗುವ ತೆಳು ತಂತಿಪಟ್ಟಿ) ಬೆಸುಗೆ ಹಾಕುವಾಗ ಹಿಂದಿನ ರಾತ್ರಿ ಕೋಡಿನಲ್ಲಿ ಸಿಗದ ಫಂಕ್ಷನ್ ಎಲ್ಲಿರಬಹುದು ಅಂತ ಹೊಳೆದದ್ದು ಎಷ್ಟು ಸಲವೋ.

ನನ್ನ ನಿಯಮ ಇಷ್ಟೇ. ಮೂರು ರಿಪೇರಿ ಮನೆಗೆ, ನಾಲ್ಕನೆಯದು ಫರ್ಮ್‌ವೇರ್ ಡಬ್ಬಿಗೆ. ದೊಡ್ಡ ಕೆಲಸವೋ ಚಿಕ್ಕದೋ ನೋಡುವುದಿಲ್ಲ, ಸಾಲಿನಲ್ಲಿ ಬಂದದ್ದೇ ಲೆಕ್ಕ. ಒಮ್ಮೆ ನಾಲ್ಕನೆಯದಾಗಿ 24-105 ಲೆನ್ಸ್ ಬಂತು, ಎರರ್ 01 (ಕ್ಯಾಮೆರಾಗೂ ಲೆನ್ಸಿಗೂ ಸಂಪರ್ಕ ತಪ್ಪಿದಾಗ ಬರುವ ಸಂದೇಶ). ಅದರ ಫ್ಲೆಕ್ಸ್ ಬದಲಿಸಿದ್ದಕ್ಕೆ ಮೂರೂವರೆ ಸಾವಿರ. ಮನೆಯಲ್ಲಿ ಸ್ವಲ್ಪ ಮಾತಾಯಿತು, ಆದರೂ ಡಬ್ಬಿಗೇ ಹೋಯಿತು. ಕಿಟ್ ಲೆನ್ಸಿನ ಫಂಗಸ್ ತೆಗೆದರೆ ಏಳೆಂಟು ನೂರು, 600ಡಿ ಶಟರ್ ಬದಲಿಸಿದರೆ ಭಾಗದ ಬೆಲೆ ಕಳೆದು ಸಾವಿರದ ಇನ್ನೂರು ಉಳಿಯುತ್ತದೆ. ಸರಾಸರಿ ನೋಡಿದರೆ ಡಬ್ಬಿಗೆ ತಿಂಗಳಿಗೆ ಐದರಿಂದ ಆರು ಸಾವಿರ.

ನಮ್ಮ ಕರಾವಳಿಯ ಕಾಲಚಕ್ರವೂ ಇದಕ್ಕೆ ಹೊಂದಿಕೊಂಡಿತು. ಏಪ್ರಿಲ್, ಮೇ ತಿಂಗಳಲ್ಲಿ ಉಸಿರಾಡಲು ಬಿಡುವಿಲ್ಲದಷ್ಟು ರಿಪೇರಿ. ಆಷಾಢದಲ್ಲಿ ಮದುವೆ ಇಲ್ಲ, ಕ್ಯಾಮೆರಾಗಳೆಲ್ಲ ಬ್ಯಾಗಿನಲ್ಲಿ. ಆ ಒಂದು ತಿಂಗಳು ನಾನು ಕೋಡಿಗೆ ಕೂರುತ್ತೇನೆ. ಶ್ರಾವಣ ಬಂದು ಬ್ಯಾಗ್ ತೆರೆದರೆ ಎಲ್ಲರ ಲೆನ್ಸಿನಲ್ಲೂ ಜೇಡರ ಬಲೆ ತರ ಫಂಗಸ್. ಮತ್ತೆ ಟೇಬಲ್ ತುಂಬುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯಾ ಎಲ್ಲರಿಗೂ ಗೊತ್ತು. ಕೋಟಿಂಗ್ ಹಾಳಾಗದ ಹಾಗೆ ನಾನು ಹಾಕುವ ಅಳತೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ.

ಫಂಗಸ್ ಮಾತು ಬಂತಲ್ಲ, ಅದು ಬಾರದಂತೆ ಲೆನ್ಸ್ ಇಡುವುದರ ಬಗ್ಗೆ ಇನ್ನೊಂದು. ಒಂದು ಮಳೆಗಾಲ ಕೆಟ್ಟ ಕಿಟ್ ಲೆನ್ಸ್‌ಗಳನ್ನು ಮೂರು ಕಡೆ ಇಟ್ಟು ನೋಡಿದೆ: ಅಕ್ಕಿ ಡಬ್ಬಿ, ಸಿಲಿಕಾ ಜೆಲ್ ಡಬ್ಬಿ, ಝೀರೋ ಬಲ್ಬ್ ಉರಿಸಿದ ಕಪಾಟು. ಅಕ್ಕಿಯಿಂದ ಏನೂ ಪ್ರಯೋಜನ ಇಲ್ಲ, ಬರೀ ಧೂಳು. ಜೆಲ್ ಬಣ್ಣ ಬದಲಾದ ತಕ್ಷಣ ಹುರಿಯುತ್ತಿದ್ದರೆ ಸರಿ. ಬಲ್ಬಿನ ಕಪಾಟು ಗೆದ್ದಿತು. ಅಜ್ಜನ ಕಾಲದ ಸ್ಟುಡಿಯೋದವರು ಮಾಡುತ್ತಿದ್ದದ್ದೇ ಸರಿ.

ರಿಪೇರಿಯಿಂದ ಬಂದ ದೊಡ್ಡ ಲಾಭ ದುಡ್ಡಲ್ಲ, ಕೆಟ್ಟು ಸತ್ತ ಕ್ಯಾಮೆರಾ ಬಾಡಿಗಳು. ಫರ್ಮ್‌ವೇರ್ ಮುಟ್ಟುವವನಿಗೆ ಹೋದರೂ ಚಿಂತೆಯಿಲ್ಲದ ಕ್ಯಾಮೆರಾ ಬೇಕು. 1300ಡಿ ಹೊಸದು ಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ಶಟರ್ ಹೋದ 1300ಡಿ ಒಂದನ್ನು ಸಾವಿರದ ಐನೂರಕ್ಕೆ ಕೊಟ್ಟು ಹೋದರು. ಮೇನ್ ಬೋರ್ಡ್ ಚೆನ್ನಾಗಿದ್ದರೆ ಮೆನು, ಒಳಗಿನ ಪ್ರೋಗ್ರಾಂಗಳು, ಕಾರ್ಡ್ ಓದುವುದು ಎಲ್ಲ ನಡೆಯುತ್ತದೆ. ಲೈವ್ ವ್ಯೂಗೆ (ಪರದೆಯಲ್ಲೇ ದೃಶ್ಯ ನೋಡಲು) ಶಟರ್ ತೆರೆಯಲೇಬೇಕು. ಅದಕ್ಕೆ ಫ್ಲ್ಯಾಶ್ ಸುಟ್ಟ ಇನ್ನೊಂದು ಬಾಡಿ. ಇವೆಲ್ಲ ಎಲ್ಲಿ ಸಿಗುತ್ತವೆ ಅಂತ ಕೇಳಬೇಡಿ.

ಮೊದಲನೆಯದನ್ನು ನಾನೇ ಕೊಂದೆ. ಹಿಡಿಕೆಯ ರಬ್ಬರಿನ ಕೆಳಗೆ ಸೀರಿಯಲ್ ಪೋರ್ಟ್ (ಕಂಪ್ಯೂಟರಿಗೆ ಜೋಡಿಸಿ ಒಳಗಿನ ಸಂದೇಶ ಓದುವ ತಾಣ) ಹುಡುಕಿ, ಅವಸರದಲ್ಲಿ 5 ವೋಲ್ಟಿನ ಅಡಾಪ್ಟರ್ ಜೋಡಿಸಿದೆ, ಅದು ಹೆಚ್ಚಾಯಿತು. ಬೋರ್ಡ್ ಮತ್ತೆ ಏಳಲಿಲ್ಲ. ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ವೋಲ್ಟೇಜ್ ಬದಲಿಸಬಹುದಾದ ಅಡಾಪ್ಟರ್ ತಂದೆ, ಮುನ್ನೂರೋ ಮುನ್ನೂರೈವತ್ತೋ. ಈಗ ಏನೇ ಬರೆದರೂ ಮೊದಲು ಕಂಪ್ಯೂಟರಿನಲ್ಲೇ ಕ್ಯಾಮೆರಾದ ನಕಲಿನಂತೆ ನಡೆಯುವ ಕ್ಯೂಎಮು ಸಾಫ್ಟ್‌ವೇರಿನಲ್ಲಿ ಓಡಿಸುತ್ತೇನೆ, ಆಮೇಲೆ ಶಟರ್ ಇಲ್ಲದ ಬಾಡಿ, ಕೊನೆಗೆ ಒಳ್ಳೆಯದು.

ಇನ್ನೊಂದು ತಪ್ಪಿಗೆ ಎರಡು ವಾರ ಹೋಯಿತು. ಫರ್ಮ್‌ವೇರನ್ನು ಬಿಡಿಸಿ ನೋಡುವ ಘೀಡ್ರಾ ಸಾಫ್ಟ್‌ವೇರಿನಲ್ಲಿ ಕೂತು ಕ್ಯಾನನ್ ಫಂಕ್ಷನ್‌ಗಳ ವಿಳಾಸಗಳನ್ನೆಲ್ಲ (ಮೆಮೊರಿಯಲ್ಲಿ ಅವು ಇರುವ ಜಾಗ) ಗುರುತಿಸಿ, ಅವನ್ನು ಪಟ್ಟಿ ಮಾಡುವ ಸ್ಟಬ್ಸ್ ಫೈಲ್ ತುಂಬಿಸಿದ್ದೆ. ಎರಡನೇ ಬಾಡಿಯಲ್ಲಿ ಹಾಕಿದ ತಕ್ಷಣ ಕ್ರ್ಯಾಶ್. ಕೋಡನ್ನೇ ಬೈದುಕೊಂಡು ಹದಿನೈದು ದಿನ ಕಳೆದೆ. ಆ ಬಾಡಿಯಲ್ಲಿ ಕ್ಯಾನನ್ ಫರ್ಮ್‌ವೇರಿನ ಆವೃತ್ತಿಯೇ ಬೇರೆ ಇತ್ತು, ವಿಳಾಸಗಳು ಸರಿದಿದ್ದವು. ಈಗ ಬಾಡಿ ಬಂದ ಕೂಡಲೇ ಆವೃತ್ತಿಯನ್ನು ಟೇಪಿನ ಮೇಲೆ ಬರೆದು ಅಂಟಿಸುತ್ತೇನೆ.

ಡಿಸ್‌ಪ್ಲೇ ಹೋದ ಒಂದು ಬಾಡಿಯಲ್ಲಿ ಹಳೇ ಸಿಎಚ್‌ಡಿಕೆಯವರ (ಕ್ಯಾನನ್ನಿನ ಚಿಕ್ಕ ಕ್ಯಾಮೆರಾಗಳಿಗೆ ಇಂಥದ್ದೇ ಪುಕ್ಕಟೆ ಸಾಫ್ಟ್‌ವೇರ್ ಮಾಡಿದವರು) ದಾರಿಯನ್ನೂ ನೋಡಿದೆ. ಕಾರ್ಡಿನ ಎಲ್‌ಇಡಿ ಮಿಣುಕಿಸಿ ಮೆಮೊರಿ ಹೊರಗೆ ತರುವುದು. ಬೆಳಕನ್ನು ವಿದ್ಯುತ್ತಾಗಿಸುವ ಫೋಟೋಡಯೋಡನ್ನು ಲ್ಯಾಪ್‌ಟಾಪಿನ ಮೈಕ್ ಜಾಕಿಗೆ ಕೊಟ್ಟು, ಕತ್ತಲೆ ಕೋಣೆಯಲ್ಲಿ ರಾತ್ರಿಯಿಡೀ ರೆಕಾರ್ಡ್ ಮಾಡಿದೆ. ಬೆಳಿಗ್ಗೆ ನೋಡಿದರೆ ಅರ್ಧದಿಂದ ಆಚೆ ಕಸ, ಯಾರೋ ದೀಪ ಹಾಕಿದ್ದರು. ಬಂದ ಅರ್ಧವನ್ನು ನನ್ನಲ್ಲಿದ್ದ ರೋಮ್ (ROM, ಫರ್ಮ್‌ವೇರ್ ಇರುವ ಮೆಮೊರಿ) ಪ್ರತಿಯ ಜೊತೆ ಹೋಲಿಸಿದೆ, ಬೈಟಿಗೆ ಬೈಟು ಸರಿ ಇತ್ತು. ಕೆಲಸಕ್ಕೆ ಬೇಕಾದ್ದಲ್ಲ, ಆದರೆ ಆ ಬೆಳಿಗ್ಗೆಯ ಖುಷಿ ಈಗಲೂ ಇದೆ. ಆ ಪ್ರತಿಯನ್ನು ಯಾರಿಗೂ ಕೊಡುವುದಿಲ್ಲ, ಅದು ಕ್ಯಾನನ್ನಿನ ಸ್ವತ್ತು. ಹಂಚುವುದು ವಿಳಾಸಗಳನ್ನು ಮತ್ತು ನಮ್ಮ ಕೋಡನ್ನು ಮಾತ್ರ.

ಹದಿನೆಂಟು ತಿಂಗಳಲ್ಲಿ ಡಬ್ಬಿಗೆ ಬಿದ್ದದ್ದು ಲಕ್ಷದ ಹತ್ತಿರ. ಮುಕ್ಕಾಲು ಪಾಲು ಬಾಡಿ, ಬ್ಯಾಟರಿ, ಕಾರ್ಡ್, ಒಂದು ಹಳೇ ಲ್ಯಾಪ್‌ಟಾಪಿಗೆ ಹೋಗಿದೆ. ನನ್ನ 1300ಡಿಯಲ್ಲಿ ಈಗ ಝೀಬ್ರಾ (ಬೆಳಕು ಹೆಚ್ಚಾದ ಕಡೆ ಗೆರೆ ತೋರಿಸುವುದು) ಮತ್ತು ಫೋಕಸ್ ಪೀಕಿಂಗ್ (ಫೋಕಸ್ ಆದ ಅಂಚುಗಳನ್ನು ಗುರುತಿಸಿ ತೋರಿಸುವುದು) ಓಡುತ್ತಿವೆ. ಆರು ತಿಂಗಳು ಅಂದಿದ್ದ ಗೆಳೆಯನೇ ಮೊನ್ನೆ ಅದನ್ನು ಹಾಲ್‌ಗೆ ಒಯ್ದು, ಮಂಟಪದ ಹಳದಿ ದೀಪದ ಕೆಳಗೆ ವಧುವಿನ ಬಿಳಿ ಸೀರೆ ವೀಡಿಯೊದಲ್ಲಿ ಹೆಚ್ಚು ಬೆಳಕಿಗೆ ಬರೀ ಬಿಳಿಯಾಗಿ ಕಾಣದಂತೆ ಶೂಟ್ ಮಾಡಿಕೊಂಡು ಬಂದ. ವಾಪಸ್ ಕೊಡುವಾಗ ತನ್ನ 700ಡಿಯನ್ನೂ ರಿಪೇರಿಗೆ ಇಟ್ಟು ಹೋದ. ಲೆಕ್ಕ ನೋಡಿದೆ, ಸಾಲಿನಲ್ಲಿ ಅದು ನಾಲ್ಕನೆಯದು.