ಒಂದೇ ಬಾಣಲೆಯಲ್ಲಿ ಹಂದಿ ಮಾಂಸ, ಆಲೂಗೆಡ್ಡೆ: ಕೊನೆಗೂ ಹದ ಸಿಕ್ಕಿತು

ಮಡಿಕೇರಿಯ ಮಳೆಗಾಲದ ರಾತ್ರಿಗೆ ಒಂದೇ ಬಾಣಲೆಯ ಬಿಸಿ ಊಟ ಬೇಕು ಅಂತ ಮೂರು ಸಲ ಮಾಡಿದೆ. ಮೂರು ಸಲವೂ ಮಾಂಸ ನೀರು ಬಿಟ್ಟು ರಬ್ಬರಿನಂತಾಯಿತು. ಆಲೂಗೆಡ್ಡೆ ಹೊರಗೆ ಕರಕಲು, ಒಳಗೆ ಹಸಿ.

ತಪ್ಪು ಇದ್ದದ್ದು ನೀರಿನಲ್ಲಿ. ತೊಳೆದ ಮಾಂಸವನ್ನು ಹಾಗೇ ಹಾಕುತ್ತಿದ್ದೆ. ನೀರು ಇರುವ ತನಕ ಮಾಂಸದ ಮೇಲ್ಮೈ 100 ಡಿಗ್ರಿ ದಾಟುವುದಿಲ್ಲ. ಆ ಕೆಂಪು ಬಣ್ಣ, ಆ ಘಮ ಬರಲು ಸುಮಾರು 140 ಆದರೂ ಬೇಕು. ಈಗ ಬೆರಳು ದಪ್ಪದ ತುಂಡುಗಳಿಗೆ ಉಪ್ಪು ಹಚ್ಚಿ ಒಂದು ಗಂಟೆ ಬಿಟ್ಟು, ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸುತ್ತೇನೆ. ಬಟ್ಟೆ ಒದ್ದೆಯಾಗುವುದು ನಿಂತ ಮೇಲೇ ಒಲೆಗೆ.

ಆಲೂಗೆಡ್ಡೆಯನ್ನು ಮೊದಲೇ ಅದೇ ಬಾಣಲೆಯಲ್ಲಿ ಒಂದು ಲೋಟ ನೀರು ಹಾಕಿ, ಮುಚ್ಚಿ, ಮುಕ್ಕಾಲು ಬೇಯಿಸುತ್ತೇನೆ. (ಸುಮಾರು 1,150 ಮೀಟರ್ ಎತ್ತರದ ನಮ್ಮೂರಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಸ್ವಲ್ಪ ಹೆಚ್ಚು ಹೊತ್ತೇ ಬೇಕು.) ನೀರು ಆರಿದ ಮೇಲೆ ಎಣ್ಣೆ ಬಿಟ್ಟು ಕೆಂಪಗೆ ಹುರಿದು ತೆಗೆದಿಟ್ಟು, ಮಾಂಸವನ್ನು ಒಂದಕ್ಕೊಂದು ತಾಗದಂತೆ ಇಡಬೇಕು. ಚುರ್ ಅನ್ನದಿದ್ದರೆ ಬಾಣಲೆ ಕಾದಿಲ್ಲ ಎಂದೇ ಅರ್ಥ. ಹಂದಿ ಮಾಂಸ ಒಳಗೆ ಹಸಿ ಇರಕೂಡದು. ಎರಡೂ ಬದಿ ಕೆಂಪಾದ ಮೇಲೆ ಉರಿ ತಗ್ಗಿಸಿ ಪೂರ್ತಿ ಬೇಯಿಸಿ.

ಕೊನೆಗೆ ಆಲೂಗೆಡ್ಡೆ ಸೇರಿಸಿ, ಕುಟ್ಟಿದ ಕರಿಮೆಣಸು, ಅರ್ಧ ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹಣ್ಣಿನ ಹುಳಿ). ನಿನ್ನೆ ಅಮ್ಮ ಬಾಣಲೆಯ ತಳ ಹಿಡಿದದ್ದನ್ನೂ ಅಕ್ಕಿ ರೊಟ್ಟಿಯಲ್ಲಿ ಒರೆಸಿ ತಿಂದರು.