ಎಬಿಸಿಡಿಗಿಂತ ಮೊದಲು ಟಿಫಿನ್ ಡಬ್ಬಿ

ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. 3ರಿಂದ 6 ವರ್ಷದ ಮಕ್ಕಳು ನಮ್ಮಲ್ಲಿಗೆ ಬರಬೇಕು. ಆದರೆ 4 ತುಂಬುತ್ತಿದ್ದಂತೆ ಬಹಳ ಮಕ್ಕಳು ವ್ಯಾನ್ ಹತ್ತಿ ಪೇಟೆಯ ಕಾನ್ವೆಂಟಿಗೆ ಎಲ್‌ಕೆಜಿ ಓದಲು ಹೋಗಿಬಿಡುತ್ತಾರೆ. ಯುಗಾದಿ ಮುಗಿಯುತ್ತಿದ್ದಂತೆ ತಾಯಂದಿರು ಶುರು ಮಾಡುತ್ತಾರೆ: "ಟೀಚರ್, ಜೂನ್‌ಗೆ ಸೇರಿಸ್ತಿದ್ದೀವಿ. ಅಷ್ಟರೊಳಗೆ ಎಬಿಸಿಡಿ ಬರೆಯೋದು ಕಲಿಸಿಬಿಡಿ."

ನಾನು ಬರೆಸುವುದಿಲ್ಲ. ನಮ್ಮಿಂದ ಹೋದ ಮಕ್ಕಳಿಗೆ ಅಲ್ಲಿ ಏನು ಕಷ್ಟವಾಗುತ್ತದೆ ಎಂದು ಶಾಲೆಗಳ ಆಯಾಗಳನ್ನು ಕೇಳಿ ತಿಳಿದುಕೊಂಡಿದ್ದೇನೆ. ಈ ವಿಷಯ ಮಿಸ್‌ಗಳಿಗಿಂತ ಅವರಿಗೇ ಜಾಸ್ತಿ ಗೊತ್ತು. ಡಬ್ಬಿ ತೆಗೆಯಲು ಬರಲ್ಲ, ಚಡ್ಡಿ ಬಿಚ್ಚಲು ಬರಲ್ಲ, ಏನು ಬೇಕು ಅಂತ ಬಾಯಿಬಿಟ್ಟು ಹೇಳಲ್ಲ, ಗೇಟಿನ ಹತ್ತಿರ ಅಮ್ಮನನ್ನು ಬಿಡಲ್ಲ. ಅವರ ದೂರುಗಳೆಲ್ಲ ಇಂಥವೇ. ಅಕ್ಷರ ಬರಲ್ಲ ಅಂತ ಒಬ್ಬ ಆಯಾನೂ ಹೇಳಿಲ್ಲ.

ಊಟದ್ದೇ ದೊಡ್ಡ ಕೆಲಸ. ಮನೆಯಲ್ಲಿ ಅಜ್ಜಿ ಕೈತುತ್ತು ಕೊಡುತ್ತಾರೆ, ಮುಂದೆ ಮೊಬೈಲ್ ಓಡುತ್ತಿರುತ್ತದೆ. ಬಾಯಿಗೆ ಏನು ಬಂತು ಅಂತಲೂ ಮಗು ನೋಡುವುದಿಲ್ಲ. ಅಂಥ ಮಗು ಎಲ್‌ಕೆಜಿಯಲ್ಲಿ ಡಬ್ಬಿ ಮುಂದಿಟ್ಟುಕೊಂಡು ಸುಮ್ನೆ ಕೂರುತ್ತದೆ. ಬೆಲ್ ಹೊಡೆಯುತ್ತದೆ, ಡಬ್ಬಿ ಹಾಗೇ ವಾಪಸ್ ಬರುತ್ತದೆ. ನಮ್ಮಲ್ಲಿ ಬಿಸಿಯೂಟಕ್ಕೆ ಎಲ್ಲರೂ ಸಾಲಾಗಿ ಕೂರಬೇಕು, ತಮ್ಮ ತಟ್ಟೆ ತಾವೇ ಹಿಡಿಯಬೇಕು, ಅನ್ನ ತಾವೇ ಕಲಸಬೇಕು. ಮೊದಮೊದಲು ತಟ್ಟೆಗಿಂತ ನೆಲದ ಮೇಲೇ ಜಾಸ್ತಿ ಇರುತ್ತದೆ. ಸಹಾಯಕಿ ಗೊಣಗುತ್ತಾರೆ. ಗುಡಿಸುವವರು ಅವರೇ ತಾನೆ, ನ್ಯಾಯವೇ. ಆದರೆ ತಿನ್ನಿಸುವುದಿಲ್ಲ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಮೊಟ್ಟೆ ಕೊಡುವ ದಿನ ಸಿಪ್ಪೆಯನ್ನೂ ಮಕ್ಕಳೇ ಬಿಡಿಸಬೇಕು. ಮೇ ತಿಂಗಳಲ್ಲಿ ತಾಯಂದಿರಿಗೆ ಒಂದು ಮಾತು ಹೇಳುತ್ತೇನೆ. ಶಾಲೆಗೆ ಕಳಿಸುವ ಡಬ್ಬಿಯನ್ನು ಈಗಲೇ ತಂದು ಮನೆಯಲ್ಲಿ ಅದರಲ್ಲೇ ಚಿತ್ರಾನ್ನ ಹಾಕಿಕೊಡಿ. ನಾಲ್ಕು ಕಡೆ ಕ್ಲಿಪ್ ಇರುವ ಡಬ್ಬಿ ಬೇಡ, ಅದನ್ನು ತೆಗೆಯಲು ನಮಗೇ ಉಗುರು ಮುರಿಯುತ್ತದೆ.

ಶೌಚದ ವಿಷಯ ಹೇಳಲು ಕೆಲವರಿಗೆ ಸಂಕೋಚ. ನನಗಿಲ್ಲ. ಹೊಸ ಜಾಗ, ಹೊಸ ಮಿಸ್. ಮಗು ತಡೆದುಕೊಂಡು ತಡೆದುಕೊಂಡು ಕೊನೆಗೆ ಬಟ್ಟೆಯಲ್ಲೇ ಮಾಡಿಕೊಳ್ಳುತ್ತದೆ. ಪಕ್ಕದವರು ನಗುತ್ತಾರೆ. ಮಾರನೇ ದಿನ ಹೊಟ್ಟೆನೋವು ಅಂತ ಹಟ. ನಮ್ಮಲ್ಲಿ ಉರ್ದು, ತೆಲುಗು, ಲಂಬಾಣಿ ಮಾತಾಡುವ ಮನೆಗಳ ಮಕ್ಕಳೂ ಇದ್ದಾರೆ. ಎಲ್ಲರಿಗೂ ಕಿರುಬೆರಳು ಎತ್ತಿ ತೋರಿಸುವುದನ್ನು ಕಲಿಸಿದ್ದೇನೆ, ಅದು ಯಾವ ಮಿಸ್‌ಗಾದರೂ ಅರ್ಥವಾಗುತ್ತದೆ. ಊಟಕ್ಕೆ ಮುಂಚೆ ಎಲ್ಲರನ್ನೂ ಒಮ್ಮೆ ಕಳಿಸುತ್ತೇವೆ. ಮಗ್ಗಿನಲ್ಲಿ ನೀರು ಹಾಕುವುದು, ತೊಳೆದುಕೊಳ್ಳುವುದು, ಕೈಗೆ ಸೋಪು, ಎಲ್ಲ ಅಲ್ಲೇ ಕಲಿಯುತ್ತಾರೆ. ಹುಕ್ಕು, ಬೆಲ್ಟು ಇರುವ ಪ್ಯಾಂಟ್ ಹೊಲಿಸಬೇಡಿ, ಎಲಾಸ್ಟಿಕ್ ಹಾಕಿಸಿ. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಒಬ್ಬ ಅಪ್ಪ ವಾದ ಮಾಡಿದ್ದರು.

ಇನ್ನು ಬರವಣಿಗೆ. ಪೆನ್ಸಿಲ್ ಹಿಡಿಯುವುದು ಬೆರಳಿನ ಕೆಲಸ ಎಂದುಕೊಳ್ಳುತ್ತೇವೆ. ಚಿಕ್ಕ ಮಕ್ಕಳಲ್ಲಿ ಹಿಡಿತ ಭುಜದಿಂದ ಶುರುವಾಗಿ ಮೊಣಕೈ, ಮಣಿಕಟ್ಟು ದಾಟಿ ಕೊನೆಗೆ ಬೆರಳಿಗೆ ಬರುತ್ತದೆ. ಮೂರು ವರ್ಷದ ಮಗುವಿಗೆ ನಾಲ್ಕು ಗೆರೆಯ ಪುಸ್ತಕ ಕೊಟ್ಟರೆ ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಹಿಡಿದು ಒತ್ತುತ್ತದೆ, ಹಾಳೆ ಹರಿಯುತ್ತದೆ. ಅದಕ್ಕೇ ನಾನು ಮೊದಲು ಅಂಗಳದಲ್ಲಿ ಸೀಮೆಸುಣ್ಣ ಕೊಟ್ಟು ದೊಡ್ಡ ದೊಡ್ಡ ಸುತ್ತು ಹಾಕಿಸುತ್ತೇನೆ. ಒಂದು ಬಕೆಟ್ ನೀರು, ಒಂದು ಹಳೇ ಬ್ರಷ್ ಕೊಟ್ಟರೆ ಗೋಡೆಗೆಲ್ಲ 'ಬಣ್ಣ' ಬಳಿಯುತ್ತಾರೆ, ಖರ್ಚೂ ಇಲ್ಲ. ನಮ್ಮ ಕಡೆ ತೆಂಗಿನ ಕರಟಕ್ಕೆ ಬರವೇ? ಕರಟದಿಂದ ಕರಟಕ್ಕೆ ಮರಳು ಸುರಿಯುವುದು, ಆಮೇಲೆ ನೀರು ಸುರಿಯುವುದು. ಅವರೆಕಾಯಿ ಕಾಲದಲ್ಲಿ ಯಾರಾದರೂ ಒಂದು ಚೀಲ ಕಾಯಿ ತಂದರೆ ಮಕ್ಕಳೆಲ್ಲ ಸುತ್ತ ಕೂತು ಬಿಡಿಸುತ್ತಾರೆ. ಹೆಬ್ಬೆರಳು, ತೋರುಬೆರಳಿಗೆ ಅದಕ್ಕಿಂತ ಒಳ್ಳೆಯ ಕೆಲಸ ನಾನು ಕಂಡಿಲ್ಲ. ಒಂದು ಎಚ್ಚರ: ಕಾಳು ಮುಂದಿದ್ದಾಗ ನಾನು ಅಲ್ಲಿಂದ ಏಳುವುದಿಲ್ಲ. ಮೂಗಿಗೋ ಕಿವಿಗೋ ಹಾಕಿಕೊಳ್ಳಲು ಒಂದು ನಿಮಿಷ ಸಾಕು.

ಅಕ್ಷರ ಬೇಕೇ ಬೇಕು ಎಂದು ಹಟ ಹಿಡಿಯುವವರಿಗೆ ನಲಿ-ಕಲಿ ತೋರಿಸುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಅದರಲ್ಲಿ ಸರ್ಕಾರಿ ಶಾಲೆಯ 1ನೇ ತರಗತಿ ಮಕ್ಕಳೂ ಅ, ಆ, ಇ, ಈ ಎಂದು ಶುರು ಮಾಡುವುದಿಲ್ಲ. ರ, ಗ, ಸ, ದ ಮೊದಲು ಬರುತ್ತವೆ, ಅ ಆಮೇಲೆ. ರ, ಗ ಬರೆಯಲು ಸುಲಭ. ಆರು ವರ್ಷದವರಿಗೇ ಸುಲಭದ್ದನ್ನು ಮೊದಲು ಕೊಡುವಾಗ ಮೂರೂವರೆ ವರ್ಷದ ಮಗುವಿನ ಕೈ ಹಿಡಿದು 'ಈ' ಅಕ್ಷರ ತಿದ್ದಿಸುವುದು ಯಾಕೆ?

ಬಿಟ್ಟುಹೋಗುವಾಗಿನ ಅಳುವಿಗೆ ನಾನು ಕಂಡುಕೊಂಡದ್ದು ಇಷ್ಟು. "ಅಗೋ ಕಾಗೆ ನೋಡು" ಎಂದು ತೋರಿಸಿ ಹಿಂದಿನಿಂದ ಜಾರಿಕೊಳ್ಳಬೇಡಿ. ಹಾಗೆ ಮೋಸಹೋದ ಮಗು ಮಾರನೇ ದಿನ ನಿಮ್ಮ ಸೆರಗನ್ನು ಇನ್ನೂ ಗಟ್ಟಿ ಹಿಡಿಯುತ್ತದೆ. "ಊಟ ಆದಮೇಲೆ ಬರ್ತೀನಿ" ಎಂದು ಹೇಳಿ, ಅಳುತ್ತಿದ್ದರೂ ಟಾಟಾ ಮಾಡಿ ಹೊರಡಿ. ಹೇಳಿದ ಹೊತ್ತಿಗೆ ಬನ್ನಿ. ಗೇಟಿನ ಸಂದಿಯಿಂದ ಇಣುಕಬೇಡಿ, ಅವರಿಗೆ ಕಾಣುತ್ತದೆ! ಮೊದಲ ವಾರ ಒಂದೇ ಗಂಟೆ, ಆಮೇಲೆ ಊಟದವರೆಗೆ, ಆಮೇಲೆ ಪೂರ್ತಿ ದಿನ. ಮನೆಯ ಟವೆಲ್ಲೋ ಗೊಂಬೆಯೋ ತಂದರೆ ನಾನು ಬೇಡ ಅನ್ನುವುದಿಲ್ಲ.

ಇಂಗ್ಲಿಷ್ ಭಯ ಬೇರೆ. ದಿನಾ ಒಂದು ಕಥೆ ಹೇಳುತ್ತೇನೆ, ಮಾರನೇ ದಿನ ಅದನ್ನೇ ಮಕ್ಕಳಿಂದ ಹೇಳಿಸುತ್ತೇನೆ. ಕಾಗೆ ಗುಬ್ಬಿ ಕಥೆ ಈಗ ಎಷ್ಟು ಬದಲಾಗಿದೆ ಎಂದರೆ ಗುಬ್ಬಿ ಮನೆಯಲ್ಲಿ ಟಿವಿ ಬಂದಿದೆ, ಕಾಗೆ ಆಟೋದಲ್ಲಿ ಬರುತ್ತದೆ. ಆಮೇಲೆ ಏನಾಯ್ತು, ಯಾಕೆ ಹೋಯ್ತು ಎಂದು ಕನ್ನಡದಲ್ಲಿ ಹೇಳಬಲ್ಲ ಮಗು ಬೇರೆ ಭಾಷೆಯನ್ನೂ ಹಿಡಿಯುತ್ತದೆ, ನಮ್ಮಿಂದ ಹೋದವರಲ್ಲೇ ನೋಡಿದ್ದೇನೆ. ಆದರೂ ಮಿಸ್, ವಾಟರ್, ಟಾಯ್ಲೆಟ್, ಹೆಲ್ಪ್ ಇವನ್ನು ಮೇ ತಿಂಗಳಲ್ಲಿ ಆಟದಲ್ಲೇ ಹೇಳಿಕೊಡುತ್ತೇನೆ. ಅಲ್ಲಿ ಮೊದಲ ದಿನವೇ ಬೇಕಾಗುತ್ತವೆ, ಅಲ್ವಾ?

ಮಗುವಿಗೆ ತನ್ನ ಹೆಸರು, ಅಪ್ಪ ಅಮ್ಮನ ಹೆಸರು, ಊರು ಹೇಳಲು ಬರಬೇಕು. ಬ್ಯಾಗಿನೊಳಗೆ ಫೋನ್ ನಂಬರ್ ಬರೆದಿಡಿ. ಚಪ್ಪಲಿ ಬಿಟ್ಟು ಬೂಟು ಹಾಕಿಕೊಳ್ಳುವ ಅಭ್ಯಾಸ ಮಾಡಿಸಿ, ವೆಲ್ಕ್ರೋ ಇರುವುದೇ ಸಾಕು. ಶಾಲೆ ಶುರುವಾಗುವ ಮುಂಚಿನ ಎರಡು ವಾರ ವ್ಯಾನ್ ಬರುವ ಹೊತ್ತಿಗೇ ಎಬ್ಬಿಸಿ, ತಿಂಡಿ ತಿನ್ನಿಸಿ, ಕಕ್ಕಸಿಗೆ ಕಳಿಸಿ ನೋಡಿ. ಎಂಟು ಗಂಟೆಗೆ ಏಳುತ್ತಿದ್ದ ಮಗುವನ್ನು ಜೂನ್‌ನಲ್ಲಿ ಒಮ್ಮೆಲೇ ಆರೂವರೆಗೆ ಎಬ್ಬಿಸಿದರೆ ಆ ಅಳು ಶಾಲೆಯದ್ದಲ್ಲ, ನಿದ್ದೆಯದ್ದು.